ಮೂವತ್ತೇಳನೆಯ ಪುಟದ ಹೆಂಗಸರು

ಶಹಾಪುರದ ಬಸ್‌ಸ್ಟ್ಯಾಂಡಿನ ಎದುರು, ಪಂಕ್ಚರ್ ಅಂಗಡಿಗೂ ಚಹದ ಅಂಗಡಿಗೂ ನಡುವಿನ ಖೋಲಿಯೊಂದರಲ್ಲಿ ನಾನೂ ನನ್ನ ದೋಸ್ತನೂ ಏಳು ವರ್ಷ ಸಂಸಾರ ಮಾಡಿದೆವು. ಸಂಸಾರ ಎಂದು ತಿಳಿದೇ ಬರೆದಿದ್ದೇನೆ. ಮುಂದಿನ ಅರ್ಧದಲ್ಲಿ ಅವನ ಫೋಟೊ ಸ್ಟುಡಿಯೊ, ಹಿಂದಿನ ಅರ್ಧದಲ್ಲಿ ನನ್ನ ಡಿಟಿಪಿ, ನಡುವೆ ಒಂದು ಹೂವಿನ ಪರದೆ. ಕಂಪ್ಯೂಟರ್ ಒಂದೇ. ಅವನು ಕೂತು ಜನರ ಫೋಟೊಗಳನ್ನು ಸ್ಕ್ಯಾನ್ ಮಾಡಿ, ಕಲೆ ಒರೆಸಿ ಇಡಬೇಕು. ಅವನು ಎದ್ದ ಮೇಲೆ ನಾನು ಕೂತು ಅವುಗಳನ್ನು ಅಕ್ಷರಗಳ ನಡುವೆ ಕೂರಿಸಿ ಪುಟ ಕಟ್ಟಬೇಕು. ಕುರ್ಚಿಯೂ ಒಂದೇ ಆದ್ದರಿಂದ ನಮ್ಮಲ್ಲಿ ಜಗಳ ಬೆಳೆಯುತ್ತಿರಲಿಲ್ಲ. ಒಬ್ಬ ಕೂತಾಗ ಇನ್ನೊಬ್ಬ ನಿಂತಿರಲೇಬೇಕು, ನಿಂತವನ ಮಾತಿಗೆ ಯಾವ ದೇಶದಲ್ಲೂ ತೂಕವಿಲ್ಲ.

ನಾನು ಮೂಲತಃ ಮೊಳೆ ಜೋಡಿಸುತ್ತಿದ್ದವನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಮಾಡುವ ಆ ಕೆಲಸದಲ್ಲಿ ಕೈಯೆಲ್ಲ ಕಪ್ಪಾಗುತ್ತಿತ್ತು. ಆದರೆ ಒಂದು ನೆಮ್ಮದಿ ಇತ್ತು. ಕೈಯಲ್ಲಿ ಹಿಡಿದದ್ದೇ ಕಾಗದದ ಮೇಲೆ ಬೀಳುತ್ತಿತ್ತು. ಆ ಪ್ರೆಸ್ಸು ಮುಚ್ಚಿದ ಮೇಲೆ ಗುಲ್ಬರ್ಗಾದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತು ಬಂದೆ. ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಕೈಗೆ ಮಸಿ ಹತ್ತುವುದಿಲ್ಲ. ಹತ್ತಬೇಕಾದ ಮಸಿ ಬೇರೆ ಕಡೆ ಹತ್ತುತ್ತದೆಂಬುದನ್ನು ಆ ಮೂರು ತಿಂಗಳಲ್ಲಿ ಯಾರೂ ಹೇಳಿಕೊಡಲಿಲ್ಲ.

ಆ ಸಾಫ್ಟ್‌ವೇರಿನ ಸ್ವಭಾವವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪುಟದ ಮೇಲೆ ಫೋಟೊ ಇಟ್ಟರೆ ಫೋಟೊ ಪುಟದೊಳಗೆ ಬರುವುದಿಲ್ಲ. ಅದರ ಮಸುಕಾದ ನೆರಳೊಂದು ಬಂದು ಕೂರುತ್ತದೆ, ಅಷ್ಟೆ. ನಿಜವಾದ ಫೋಟೊ ಬೇರೊಂದು ಫೋಲ್ಡರಿನಲ್ಲಿ ತನ್ನ ಪಾಡಿಗೆ ಇರುತ್ತದೆ. ಅಚ್ಚಿಗೆ ಕಳಿಸುವ ಗಳಿಗೆಯಲ್ಲಿ ಸಾಫ್ಟ್‌ವೇರು ಆ ಫೋಲ್ಡರಿನ ಬಾಗಿಲಿಗೆ ಹೋಗಿ ಫೈಲಿನ ಹೆಸರು ಹಿಡಿದು ಕೂಗುತ್ತದೆ. ಆ ಹೆಸರಿಗೆ ಯಾರು ಓಗೊಡುತ್ತಾರೋ ಅವರನ್ನು ಕರೆತಂದು ಚೌಕಟ್ಟಿನಲ್ಲಿ ನಿಲ್ಲಿಸುತ್ತದೆ. ಮುಖ ನೋಡುವ ರೂಢಿ ಅದಕ್ಕಿಲ್ಲ.

ಆದ್ದರಿಂದ ಫೈಲುಗಳಿಗೆ ಹೆಸರಿಡುವುದು ದೊಡ್ಡ ಜವಾಬ್ದಾರಿಯ ಕೆಲಸವಾಗಿತ್ತು. ಮೊದಮೊದಲು ಫೋಟೊದಲ್ಲಿದ್ದವರ ಹೆಸರನ್ನೇ ಇಡುತ್ತಿದ್ದೆ. ನಮ್ಮ ಕಡೆ ಇದು ನಡೆಯುವ ಮಾತಲ್ಲ. ಒಂದು ದೇವರ ಹೆಸರನ್ನು ಅರ್ಧ ಊರು ಹಂಚಿಕೊಂಡಿರುತ್ತದೆ, ಉಳಿದರ್ಧ ಊರಿಗೆ ಇನ್ನೊಂದು ದೇವರು. ಒಮ್ಮೆ ದಿನಕರ್ಮದ ಕಾರ್ಡೊಂದರಲ್ಲಿ ತೀರಿಕೊಂಡವರ ಜಾಗದಲ್ಲಿ ಅದೇ ಹೆಸರಿನ ಬೇರೊಬ್ಬರು, ಪಂಚಾಯ್ತಿ ಚುನಾವಣೆಗೆ ನಿಂತವರು, ಕೈಮುಗಿದು ನಗುತ್ತ ಬಂದುಬಿಟ್ಟರು. ಸತ್ತವರ ಮನೆಯವರು ದುಃಖದಲ್ಲಿದ್ದುದರಿಂದ ಗಮನಿಸಲಿಲ್ಲ. ಬದುಕಿದ್ದವರು ಗೋಗಿಯಿಂದ ಬಸ್ ಹಿಡಿದು ಬಂದರು.

"ಏ ಮಾರಾಯ, ಓಟಿಗಿ ನಿಂತಾವನ್ನ ಚಟ್ಟಕ್ಕ ಏರಿಸಿದ್ಯಲ್ಲೋ! ನಿನ್ನೆಯಿಂದ ನಮ್ಮ ಬೀಗರು ಅಳಕೋಂತ ಬರಾಕತ್ಯಾರ!"

ಅಂದಿನಿಂದ ಕಾನೂನು ಬದಲಾಯಿಸಿದೆ. ಫೋಟೊಗೆ ಮನುಷ್ಯರ ಹೆಸರಿಲ್ಲ, ಪುಟದ ಸಂಖ್ಯೆಯೇ ಹೆಸರು. ಹನ್ನೆರಡನೆಯ ಪುಟದ ಮೇಲಿನ ಫೋಟೊ 'ಹನ್ನೆರಡು-ಮೇಲೆ', ಕೆಳಗಿನದು 'ಹನ್ನೆರಡು-ಕೆಳಗೆ'. ಸತ್ತವರು, ಬದುಕಿದ್ದವರು, ಮಂತ್ರಿಗಳು, ಕೂಲಿಯವರು ಎಲ್ಲರೂ ಬರೀ ಅಂಕಿಗಳು. ಈ ಪದ್ಧತಿಯನ್ನು ನನ್ನ ದೋಸ್ತನಿಗೆ ನಾನೇ ಕಲಿಸಿದೆ. ಫೋಟೊ ಎಷ್ಟು ಸೆಂಟಿಮೀಟರ್ ಅಗಲ, ಎಷ್ಟು ಎತ್ತರ, ಇಂಚಿಗೆ ಮುನ್ನೂರು ಚುಕ್ಕಿ ಯಾಕಿರಬೇಕು, ಅಳತೆ ತಪ್ಪಿದರೆ ಮನುಷ್ಯ ಹೇಗೆ ಚಪಾತಿಯಂತೆ ಹಿಗ್ಗುತ್ತಾನೆ, ಇದೆಲ್ಲವನ್ನೂ ಬೆನ್ನ ಹಿಂದೆ ನಿಂತು ಹೇಳಿಕೊಟ್ಟೆ. ಗುರುವಿನ ಸ್ಥಾನದಲ್ಲಿ ನಿಂತಿದ್ದೇನೆಂಬ ಗರ್ವವೂ ಇತ್ತು. ಅವನು ಜಾಣ ಶಿಷ್ಯ.

ಕೃಷ್ಣೆಯ ನೀರು ನಾರಾಯಣಪುರದಿಂದ ಹೊರಟು ನಮ್ಮ ಕಡೆಯ ಕಾಲುವೆಯ ತುದಿಯವರೆಗೆ ಬಂದು ತಲುಪಿದ ವರ್ಷ ಅದು. ಆಗಿನ್ನೂ ಯಾದಗಿರಿ ಜಿಲ್ಲೆಯಾಗಿರಲಿಲ್ಲ. ನೀರು ಬಂದ ಸಂತೋಷಕ್ಕೆ ರೈತರ ನೀರಿನ ಸಂಘವೊಂದು ಸ್ಮರಣ ಸಂಚಿಕೆ ತರಲು ನಿಶ್ಚಯಿಸಿ ನಮ್ಮ ಖೋಲಿಗೆ ಬಂತು. ಸಂಘ ಎಂದರೆ ಅದರ ಅಧ್ಯಕ್ಷರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಶಾಲೆಯ ಮಕ್ಕಳ ಸ್ಕೇಲು. ಸಂದೇಶ ಕೊಟ್ಟ ಗಣ್ಯರ ಫೋಟೊಗಳಲ್ಲಿ ಯಾರದು ಯಾರದಕ್ಕಿಂತ ಒಂದು ಗೆರೆಯಷ್ಟೂ ದೊಡ್ಡದಾಗಬಾರದೆಂದು ಅವರು ಕಂಪ್ಯೂಟರಿನ ಪರದೆಯ ಮೇಲೆಯೇ ಸ್ಕೇಲಿಟ್ಟು ಅಳೆಯುತ್ತಿದ್ದರು. ಸಂದೇಶಗಳನ್ನು ಬಹುತೇಕ ನಾನೇ ಬರೆದೆ. ಇಪ್ಪತ್ತಕ್ಕೂ ಹೆಚ್ಚು ಗಣ್ಯರು ಒಂದೇ ವಾರದಲ್ಲಿ, ಒಂದೇ ಶೈಲಿಯಲ್ಲಿ, ಒಂದೇ ಬಗೆಯ ಹರ್ಷವನ್ನು ಅನುಭವಿಸಿದರು.

ಮೂವತ್ತೇಳನೆಯ ಪುಟಕ್ಕೆ ಬರಬೇಕಿದ್ದ ಜಾಹೀರಾತು ಬರಲಿಲ್ಲ. ಪುಟ ಖಾಲಿ ಉಳಿಯಿತು. ಆಗ ನಾನು ಅಧ್ಯಕ್ಷರಿಗೆ ಹೇಳಿದೆ:

"ಸಾಹೇಬ್ರ, ಕಾಲುವಿಗಿ ಮಣ್ಣು ಹೊತ್ತವರದೊಂದು ಫೋಟೊ ಐತ್ರಿ. ಹಾಕೋಣೇನ್ರಿ?"

"ಹಾಕ್ರಿ, ಹಾಕ್ರಿ. ಕಾಲುವಿ ಅಂದಮ್ಯಾಲೆ ಮಣ್ಣೂ ಇರಬೇಕಲ್ಲ."

ಮಣ್ಣು ಹೊತ್ತವರಲ್ಲಿ ನಮ್ಮವ್ವ ಒಬ್ಬಳು ಎಂದು ನಾನು ಹೇಳಲಿಲ್ಲ. ನನ್ನ ದೋಸ್ತನಿಗೆ ಮಾತ್ರ ಗೊತ್ತಿತ್ತು.

ಆ ಫೋಟೊದ ಚರಿತ್ರೆ ಇಷ್ಟು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮೂರು ಗೋಗಿಯ ಆರು ಜನ ಹೆಂಗಸರು ಒಂದು ಗುಂಪಾಗಿ ಕಾಲುವೆಯ ಕೂಲಿಗೆ ಹೋಗುತ್ತಿದ್ದರು. ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರೊಬ್ಬರು ಒಂದು ಮಧ್ಯಾಹ್ನ ಅವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ತಲೆಯ ಮೇಲೆ ಮಣ್ಣು ತುಂಬಿದ ಪುಟ್ಟಿ, ಹಿಂದೆ ಅರ್ಧ ಅಗೆದ ಕಾಲುವೆ. ಎಡದಿಂದ ಮೂರನೆಯವಳು ನಮ್ಮವ್ವ, ಒಂದು ಕೈ ಸೊಂಟದ ಮೇಲೆ, ಇಡೀ ಯೋಜನೆಯೇ ತನ್ನದೆಂಬಂತೆ. ಇಂಜಿನಿಯರರು ಒಂದೇ ಪ್ರತಿ ಕೊಟ್ಟು ವರ್ಗವಾಗಿ ಹೋದರು. ಆರು ಜನಕ್ಕೆ ಒಂದು ಫೋಟೊ. ನಮ್ಮ ಮನೆಯ ಟ್ರಂಕಿಗೆ ಬೀಗ ಇದ್ದುದರಿಂದ ಅದು ನಮ್ಮಲ್ಲಿ ಉಳಿಯಿತು. ನೋಡಬೇಕೆನಿಸಿದವರು ಬಂದು ಕೂರುತ್ತಿದ್ದರು, ಅವ್ವ ಕೈ ತೊಳೆದು ಒರೆಸಿಕೊಂಡು ತೆಗೆಯುತ್ತಿದ್ದಳು. ಅವರಲ್ಲಿ ಯಾರಿಗೂ ಬೇರೆ ಫೋಟೊ ಇರಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಇದ್ದದ್ದು ಬುದ್ಧನದೊಂದೇ.

ಅದನ್ನು ಕೇಳಿದಾಗ ಅವ್ವ ಕೂಡಲೇ ಕೊಡಲಿಲ್ಲ. ಉಳಿದ ಐವರನ್ನೂ ಕೇಳಬೇಕು ಎಂದಳು. ನಾಲ್ವರು ಓಣಿಯಲ್ಲೇ ಇದ್ದರು. ಐದನೆಯವಳು ಮಗಳ ಮನೆಯೆಂದು ಕೊಂಕಲ್ಲಿನಲ್ಲಿದ್ದಳು. ಅವ್ವ ಒಂದು ದಿನದ ಕೂಲಿ ಬಿಟ್ಟು ಕೊಂಕಲ್ಲಿಗೆ ಹೋಗಿ ಕೇಳಿ ಬಂದಳು. ಆ ಸಂಚಿಕೆಯಲ್ಲಿ ಅನುಮತಿ ಪಡೆದು ಹಾಕಿದ ಫೋಟೊ ಅದೊಂದೇ ಇರಬೇಕು.

"ಬುಕ್ಕಿನಾಗ ಬರ್ತದ ಅಂದ್ರ, ಎಷ್ಟು ಬುಕ್ಕಿನಾಗ?" ಎಂದು ಕೇಳಿದಳು.

"ಸಾವಿರ ಬುಕ್ಕಿನಾಗ, ಅವ್ವ."

"ಸಾವಿರದಾಗೂ ನಾವ ಆರು ಮಂದೀನ?"

"ಹೌದವ್ವ."

"ಗೌಡರ ಮನ್ಯಾಗಿನ ಬುಕ್ಕಿನಾಗೂ?"

"ಅದರಾಗೂ."

ಅವಳು ಸ್ವಲ್ಪ ಹೊತ್ತು ನಕ್ಕಳು. "ಮಡಚಬ್ಯಾಡ," ಎಂದು ಕೊಟ್ಟಳು.

ನನ್ನ ದೋಸ್ತ ಅದನ್ನು ಸ್ಕ್ಯಾನ್ ಮಾಡಿದ. ಹಳೆಯ ಫೋಟೊ, ಅವ್ವನ ಮುಖಕ್ಕೆ ಅಡ್ಡಲಾಗಿ ಒಂದು ಬಿರುಕಿತ್ತು. ಎರಡು ದಿನ ಕೂತು ಆ ಬಿರುಕನ್ನು ಚುಕ್ಕಿ ಚುಕ್ಕಿಯಾಗಿ ಮುಚ್ಚಿದ. ಅವನೂ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ. ವಾರಕ್ಕೊಮ್ಮೆ ಅವಳು ಕಟ್ಟಿ ಕಳಿಸುತ್ತಿದ್ದ ಜೋಳದ ರೊಟ್ಟಿ, ಪುಂಡಿಪಲ್ಯದಲ್ಲಿ ಅವನ ಪಾಲು ನನ್ನದಕ್ಕಿಂತ ದೊಡ್ಡದು. ನಾನು ಪುಟ ಕಟ್ಟಿದೆ: ಮೇಲೆ ಹನ್ನೊಂದು ಸೆಂಟಿಮೀಟರ್ ಅಗಲ, ಏಳು ಎತ್ತರದ ಚೌಕಟ್ಟು. ಕೆಳಗೆ 'ಕಾಲುವೆಗೆ ಮಣ್ಣು ಹೊತ್ತವರು' ಎಂಬ ಸಾಲು. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಎಡದಿಂದ ಬಲಕ್ಕೆ' ಎಂದು ಆರು ಹೆಸರು. ಫೋಟೊದ ಫೈಲಿಗೆ ನನ್ನ ಕಾನೂನಿನಂತೆ 'ಮೂವತ್ತೇಳು-ಮೇಲೆ' ಎಂದು ಹೆಸರು. ಪುಟವನ್ನು ಪ್ರಿಂಟ್ ತೆಗೆದು, ಅವ್ವನ ಫೋಟೊ ಮರಳಿಸುವಾಗ ಗೋಗಿಗೆ ಒಯ್ದು ತೋರಿಸಿದೆ. ಹೆಂಗಸರು ತಮ್ಮ ತಮ್ಮ ಮೇಲೆ ಬೆರಳಿಟ್ಟು ನೋಡಿಕೊಂಡರು. ಒಬ್ಬಳು, "ಏ, ನಿನ್ನ ಮೂಗು ಬುಕ್ಕಿನಾಗೂ ಹಂಗ ಅದಲ್ಲವ್ವ!" ಎಂದು ಇನ್ನೊಬ್ಬಳನ್ನು ಕಾಡಿದಳು.

ಪುಟಗಳೆಲ್ಲ ಮುಗಿದು, ಸಿಡಿಗೆ ಹಾಕಿ ಗುಲ್ಬರ್ಗಾದ ಪ್ರೆಸ್ಸಿಗೆ ಕಳಿಸುವ ದಿನ ಬಂತು. ಬೆಳಿಗ್ಗೆಯಿಂದ ಅಧ್ಯಕ್ಷರು ಅಂಗಡಿಯಲ್ಲೇ ಇದ್ದರು. ಮಧ್ಯಾಹ್ನ ಅವರಿಗೆ ನೆನಪಾಯಿತು, ಕಾಲುವೆ ಕಾಲೊನಿಯ ಆಫೀಸಿನಿಂದ ಒಂದು ಸಹಿ ತರಬೇಕು, ಅದಕ್ಕೆ ನಾನೇ ಹೋಗಬೇಕು. ಮೂವತ್ತೇಳನೆಯ ಪುಟ ಪರದೆಯ ಮೇಲೆ ತೆರೆದಿದ್ದ ಹಾಗೆಯೇ ಎದ್ದು ಹೋದೆ. ಒಂದೂವರೆ ಗಂಟೆಯಲ್ಲಿ ಬಂದೆ. ಅಧ್ಯಕ್ಷರು ಹೋಗಿದ್ದರು, ದೋಸ್ತ ಚಹ ತರಿಸಿದ. ಪರದೆಯ ಮೇಲೆ ಅದೇ ಪುಟ, ಅದೇ ಆರು ಹೆಂಗಸರು, ಸೊಂಟದ ಮೇಲೆ ಅದೇ ಕೈ. ನಾನು ಫೋಲ್ಡರನ್ನು ನನ್ನ ಕೈಯಾರೆ ಸಿಡಿಗೆ ಹಾಕಿದೆ.

ತೆರೆದಿಟ್ಟ ಪುಟ ತನ್ನ ಹಳೆಯ ನೆರಳನ್ನೇ ಹಿಡಿದು ಕೂತಿರುತ್ತದೆ. ಮುಚ್ಚಿ ಮತ್ತೆ ತೆರೆದಾಗಲೇ ಫೋಲ್ಡರಿನಲ್ಲಿ ಏನು ಬದಲಾಗಿದೆಯೆಂದು ಅದಕ್ಕೆ ತಿಳಿಯುವುದು. ಇದೂ ನಾನು ಅವನಿಗೆ ಕಲಿಸಿದ ಪಾಠವೇ. ದಿನಕ್ಕೆ ಆರು ಸಲ ಹೋಗುವ ಕರೆಂಟು ಅಂದು ಒಮ್ಮೆ ಹೋಗಿದ್ದರೂ ಕಂಪ್ಯೂಟರ್ ಆರಿ, ಪುಟ ಮತ್ತೆ ತೆರೆದು, ನನಗೆ ಕಾಣುತ್ತಿತ್ತು. ಅಂದು ಅದು ಕದಲಲಿಲ್ಲ.

"ಸಿಡಿ ನಾ ಒಯ್ತೀನಿ ಬಿಡು. ನೀ ಭಾಳ ದಣದೀ," ಎಂದು ದೋಸ್ತ ಗುಲ್ಬರ್ಗಾ ಬಸ್ಸು ಹತ್ತಿದ. ಇಂಥ ಗೆಳೆಯ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಪಂಕ್ಚರ್ ಅಂಗಡಿಯವನ ಮುಂದೆ ಹೇಳಿದ್ದೂ ನೆನಪಿದೆ.

ಬಿಡುಗಡೆಯ ಸಮಾರಂಭ ಕಾಲುವೆ ಕಾಲೊನಿಯ ಸಭಾಂಗಣದಲ್ಲಿ ನಡೆಯಿತು. ಆರು ಹೆಂಗಸರೂ ಟಂಟಂ ಗಾಡಿ ಮಾಡಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತರು. ಕೊಂಕಲ್ಲಿನವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಭಾಷಣಗಳಾದವು. ಕಾಲುವೆಯನ್ನು ಯಾರು ಯಾರು ತಂದರೆಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ನದಿಯ ಹೆಸರು ಯಾರೂ ಹೇಳಲಿಲ್ಲ. ಆಮೇಲೆ ನನ್ನನ್ನೂ ದೋಸ್ತನನ್ನೂ ವೇದಿಕೆಗೆ ಕರೆದು, ಸುಂದರ ಪುಟಗಳಿಗಾಗಿ ಶಾಲು ಹೊದಿಸಿದರು. ಹಿಂದಿನ ಸಾಲಿನಲ್ಲಿ ಆರು ಜೋಡಿ ಕೈಗಳು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವು. ಶಾಲು ಹೊದ್ದುಕೊಂಡೇ ಕೆಳಗಿಳಿದು ಬಂದೆ. ಪುಸ್ತಕ ಹಂಚಿದರು. ನಾನು ನೇರವಾಗಿ ಮೂವತ್ತೇಳನೆಯ ಪುಟ ತೆರೆದೆ.

ಗುತ್ತೇದಾರರು ಇದ್ದರು. ಅಧ್ಯಕ್ಷರ ಮಾವ, ಆ ಕಾಲುವೆಯ ಮಣ್ಣು ಕೆಲಸದ ಗುತ್ತಿಗೆ ಹಿಡಿದಿದ್ದವರು. ರುಮಾಲು, ಕೊರಳಲ್ಲಿ ಚೆಂಡುಹೂವಿನ ಹಾರ, ಸುಕ್ಕೂ ಬೀಳದ ಬಿಳಿ ಧೋತರ. ಕೆಳಗೆ ನನ್ನ ಅಕ್ಷರಗಳು ಹಾಗೆಯೇ ಇದ್ದವು: 'ಕಾಲುವೆಗೆ ಮಣ್ಣು ಹೊತ್ತವರು. ಎಡದಿಂದ ಬಲಕ್ಕೆ', ಆಮೇಲೆ ಆರು ಹೆಂಗಸರ ಹೆಸರು. ಒಬ್ಬರೇ ನಿಂತ ಗುತ್ತೇದಾರರು ಎಡದಿಂದ ಬಲಕ್ಕೆ ಆರು ಹೆಂಗಸರಾಗಿದ್ದರು. ಸಭೆಯಲ್ಲಿ ಯಾರಿಗೂ ಏನೂ ಅನಿಸಲಿಲ್ಲ. ಸ್ಮರಣ ಸಂಚಿಕೆಯಲ್ಲಿ ಪ್ರತಿಯೊಬ್ಬರೂ ತಮ್ಮ ಫೋಟೊ ನೋಡಿಕೊಂಡು ಮುಚ್ಚುತ್ತಾರೆ.

ದೋಸ್ತ ಚಹದ ಡ್ರಮ್ಮಿನ ಹತ್ತಿರ ನಿಂತಿದ್ದ. ಪುಟ ತೋರಿಸಿದೆ.

"ಅರೆ! ಫೈಲು ಅದಲು ಬದಲು ಆಗ್ಯಾವ ಕಾಣ್ತದೋ," ಎಂದ.

ನಾನು ಪುಟವನ್ನು ಮತ್ತೊಮ್ಮೆ ನೋಡಿದೆ. ಮನುಷ್ಯ ಚಪಾತಿಯಾಗಿರಲಿಲ್ಲ. ಮೂಲದಲ್ಲಿ ಅದು ಉದ್ದನೆಯ ಫೋಟೊ, ನಿಂತ ಒಬ್ಬ ಮನುಷ್ಯನದು. ಅದರ ಎರಡೂ ಕಡೆ, ಹಿಂದಿದ್ದ ಹೂವಿನ ಪರದೆಯ ಬಟ್ಟೆಯನ್ನು ತುಂಡು ತುಂಡಾಗಿ ನಕಲು ಮಾಡಿ ಬೆಳೆಸಿ, ಸರಿಯಾಗಿ ಹನ್ನೊಂದಕ್ಕೆ ಏಳು ಮಾಡಿದ್ದರು. ಒಂದೇ ಹೂವು ಪರದೆಯ ಮೇಲೆ ಒಂಬತ್ತು ಸಲ ಅರಳಿತ್ತು. ಆಕಸ್ಮಿಕಕ್ಕೆ ಅಳತೆ ತಿಳಿಯುವುದಿಲ್ಲ. ಶಹಾಪುರದಿಂದ ಸುರಪುರದವರೆಗೆ ಆ ಕೆಲಸ ಬಲ್ಲವನು ಒಬ್ಬನೇ, ಅವನಿಗೆ ಕಲಿಸಿದವನು ಇನ್ನೊಬ್ಬ.

"ಮುನ್ನೂರು ಚುಕ್ಕೀನೂ ಇಟ್ಟೀಯಲ್ಲೋ," ಎಂದೆ. "ಎಷ್ಟು ದಿನ ಕುಂತು ಮಾಡಿದಿ ಇದನ್ನ?"

ಅವನು ಕಪ್ಪನ್ನು ಡ್ರಮ್ಮಿನ ಮೇಲಿಟ್ಟ.

"ಮೂರು ದಿನ. ಅಧ್ಯಕ್ಷರು ಮಾಡು ಅಂದ್ರು. ಸುರಪುರದಾಗ ಬಸ್‌ಸ್ಟ್ಯಾಂಡ್ ಕಾಂಪ್ಲೆಕ್ಸಿನ್ಯಾಗ ಮಳಿಗಿ ಕೊಡಸ್ತಾರಂತ, ಸ್ಟುಡಿಯೊಕ್ಕ. ನನಗೂ ಮನಿ ಮಂದಿ ಅದಾರೋ."

"ನನಗೊಂದು ಮಾತು ಹೇಳಬೇಕಿತ್ತು."

"ಹೇಳಿದ್ರ ಬಿಡ್ತಿದ್ದೇನು?"

"ಬಿಡ್ತಿರಲಿಲ್ಲ."

"ಅದಕ್ಕ ಹೇಳಲಿಲ್ಲ," ಎಂದ, ವಾದ ಗೆದ್ದ ವಕೀಲನ ಹಾಗೆ. ಆಮೇಲೆ ದನಿ ತಗ್ಗಿಸಿ, "ಸಿಟ್ಟು ಮಾಡಬ್ಯಾಡ. ಅವ್ವಗ ದೊಡ್ಡದೊಂದು ಪ್ರಿಂಟ್ ಹಾಕಿ, ಲ್ಯಾಮಿನೇಷನ್ ಮಾಡಿ ಕೊಡ್ತೀನಿ. ಬಿರುಕು ಒಂದ್ಚೂರೂ ಕಾಣಂಗಿಲ್ಲ," ಎಂದ.

ಆಗಲೇ ಅಧ್ಯಕ್ಷರು ಹತ್ತಿರ ಬಂದು ನನ್ನ ಶಾಲಿನ ಅಂಚು ಸರಿಮಾಡಿದರು. "ಪುಟ ಛಲೋ ಬಂದಾವ್ರಿ. ಮೂವತ್ತೇಳಂತೂ ಎದ್ದು ಕಾಣ್ತದ." ನಾನು ಏನು ಮಾಡಿದೆನೆಂದು ಬರೆಯದಿದ್ದರೆ ಈ ಬರಹಕ್ಕೆ ಬೆಲೆಯಿಲ್ಲ. ನಾನು ಕೈಮುಗಿದೆ. ಮೊಳೆ ಜೋಡಿಸಿದ ಕಾಲದಿಂದ ಗಣ್ಯರು ಎದುರಿಗೆ ಬಂದರೆ ತಾವಾಗಿಯೇ ಜೋಡಿಕೊಳ್ಳುವ ಕೈಗಳು ಅವು.

ಹಿಂದಿನ ಸಾಲಿನಲ್ಲಿ ಅವ್ವ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವುತ್ತಿದ್ದಳು. ಉಳಿದವರು ಎರಡೂ ಕಡೆಯಿಂದ ಬಗ್ಗಿ ನೋಡುತ್ತಿದ್ದರು. ಆರು ಜನಕ್ಕೂ ಓದು ಬಾರದು, ಹುಡುಕುತ್ತಿದ್ದದ್ದು ಮುಖಗಳನ್ನು. ಕೊನೆಯ ಹಾಳೆ ಬಂತು. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಎರಡನೆಯ ಸಲವೂ ಕೊನೆಯ ಹಾಳೆ ಬಂದಾಗ ತಲೆಯೆತ್ತಿ ನನ್ನನ್ನು ಹುಡುಕಿದಳು. ಅಧ್ಯಕ್ಷರ ಕೈ ಇನ್ನೂ ನನ್ನ ಹೆಗಲ ಮೇಲಿತ್ತು.

ಮರುದಿನ ಬೆಳಿಗ್ಗೆ ಗೋಗಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ವಿವರಿಸಲು ಕೂತೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಪುಟದ ಮೇಲೆ ಇರುವುದು ಬರೀ ನೆರಳು, ಫೋಟೊ ಬೇರೆ ಕಡೆ ಇರುತ್ತದೆ, ಅಲ್ಲಿ ಅದೇ ಹೆಸರಿನಲ್ಲಿ ಬೇರೆ ಫೋಟೊ ಇಟ್ಟರೆ ನೆರಳು ಹಳೆಯದೇ ಕಾಣುತ್ತದೆ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳಿನಂತೆ ಕೇಳಿಸಿತು. ಅವಳ ಮಾತಿಗೂ ನನ್ನ ಕಸುಬಿಗೂ ನಡುವೆ ಅಷ್ಟು ದೂರವಿದೆಯೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ಪುಟ ಕಟ್ಟಿದಾಂವ ಯಾರು?" ಎಂದು ಕೇಳಿದಳು.

"ನಾನ, ಅವ್ವ. ಆದರ..."

"ಶಾಲು ಹೊದ್ದಾಂವ?"

"ನಾನ."

ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು.

"ದೋಸ್ತ ಮಾಡ್ಯಾನವ್ವ ಇದನ್ನ," ಎಂದೆ.

"ಆ ಹುಡುಗನ ಮ್ಯಾಲ ಯಾಕ ಹಾಕ್ತೀ? ಎರಡು ದಿನ ಕುಂತು ನನ್ನ ಮಾರಿ ಮ್ಯಾಲಿನ ಗೀರು ತೆಗದಾನ ಅಂತ ನೀನ ಹೇಳಿದ್ದಿ."

ನಾನು ಚೀಲದಿಂದ ನನ್ನಲ್ಲಿದ್ದ ಆ ಪುಟದ ಪ್ರಿಂಟು ತೆಗೆದೆ. ಅವಳ ಪುಸ್ತಕದಲ್ಲಿ ಮೂವತ್ತೇಳನೆಯ ಪುಟದ ಮೇಲೆ ಅಂಟಿಸಿಕೊಡುತ್ತೇನೆ, ಆರು ಜನರ ಪುಸ್ತಕದಲ್ಲೂ ಅಂಟಿಸಿಕೊಡುತ್ತೇನೆ ಎಂದೆ. ಅವಳು ಹಿಟ್ಟಿನ ಕೈಯಲ್ಲೇ ಬೇಡವೆಂದಳು.

"ಸಾವಿರ ಬುಕ್ಕಿನಾಗ ಇದ್ರ ಅದು ಬುಕ್ಕು. ನಮ್ಮ ಬುಕ್ಕಿನಾಗ ಅಷ್ಟ ಇದ್ರ ಕನ್ನಡಿ ನೋಡಿಕೊಂಡಂಗ. ಕನ್ನಡಿ ಮನ್ಯಾಗ ಐತಿ."

ಅಷ್ಟರಲ್ಲಿ ಹೊರಗೆ ಬಳೆಗಳ ಸದ್ದಾಯಿತು. ಐವರೂ ಬಂದರು, ಕೊಂಕಲ್ಲಿನವಳು ಊರಿಗೆ ಹೋಗುವ ಮೊದಲು ಮೂಲ ಫೋಟೊವನ್ನಾದರೂ ಒಮ್ಮೆ ನೋಡಿ ಹೋಗಬೇಕೆಂದು ಎಲ್ಲರನ್ನೂ ಕರೆತಂದಿದ್ದಳು. ನಾನು ಎದ್ದು ನಿಂತೆ. ದೋಸ್ತನ ಹೆಸರು, ಅಧ್ಯಕ್ಷರ ಹೆಸರು, ಅವರ ಮಾವನ ಹೆಸರು ಎಲ್ಲವೂ ಬಾಯಿಯ ತುದಿಯಲ್ಲಿದ್ದವು. ಅವ್ವ ನನಗಿಂತ ಮೊದಲು ಮಾತಾಡಿದಳು.

"ಮಿಷನ್ನಿನ್ಯಾಗ ನಮ್ಮ ಫೋಟೊ ಹಿಡಿಲಿಲ್ಲಂತವ್ವ. ಭಾಳ ಹಳೀದು ಆಗ್ಯದಂತ. ಮಗ ಏನ್ ಮಾಡ್ಯಾನು ಪಾಪ, ಭಾಳ ಪ್ರಯತ್ನ ಪಟ್ಟಾನ."

"ಹೌದೇನು? ನಿನ್ನೇನ ಹೇಳಬಾರದೇನೋ ತಮ್ಮ!" ಎಂದಳು ಕೊಂಕಲ್ಲಿನವಳು, ನನ್ನ ಗಲ್ಲ ಮುಟ್ಟಿ. "ನಾವು ದಾರಿಯಾಗ ಏನೇನೋ ಅಂದ್ವಿ ನಿನಗ. ಮಿಷನ್ ಅಂದ್ರ ಹಂಗ ಬಿಡು. ನಮ್ಮ ಗಿರಣೀನೂ ಹಳೀ ಜ್ವಾಳ ಹಿಡಿಯಂಗಿಲ್ಲ."

ಎಲ್ಲರೂ ಹೌದೌದೆಂದರು. ಅವ್ವ ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಟ್ರಂಕಿನ ಬೀಗ ತೆಗೆದಳು. ನನ್ನ ಕಡೆ ನೋಡಲಿಲ್ಲ. ಅವಳ ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನು ಅವಳು ಐವರೆದುರು ತನ್ನ ಸೆರಗೆಳೆದು ಮುಚ್ಚಿದ್ದಳು. ಈಗ ನಾನು ನಿಜ ಹೇಳಿದರೆ ಸುಳ್ಳುಗಾತಿಯಾಗುವವಳು ಅವಳು. ಹೆಂಗಸರು ಸರಿದು ಜಾಗ ಮಾಡಿ, "ಕೂಡೋ ತಮ್ಮ, ನೀನೂ ನೋಡು," ಎಂದರು. ನಾನು ಅವರ ನಡುವೆ ಕೂತು, ಎಡದಿಂದ ಬಲಕ್ಕೆ, ನೋಡಿದೆ.